ಜೀವಕೋಶದ ದುಭಾಷಿಗಳು

ಬೆರಳಿಗೆ ಮುಳ್ಳು ತಾಗಿದಾಗ ಒಸರುವ ರಕ್ತಬಿಂದುವಿಗೆ ಕೆಂಬಣ್ಣವನ್ನೀಯುವ ಹಿಮೊಗ್ಲೋಬಿನ್ ಎಂಬ ಪ್ರೋಟೀನು, ನಾವು ಉಂಡ ಅನ್ನದಲ್ಲಾಗಲಿ ಬೇಳೆಯಲ್ಲಾಗಲಿ ಆ ರೂಪದಲ್ಲಿದ್ದುದಲ್ಲ. ಆಹಾರದ ಪ್ರೋಟೀನುಗಳು ಜಠರದಲ್ಲಿಯೂ ಕರುಳಿನಲ್ಲಿಯೂ ಒಡೆದು, ಅಮೈನೋ ಆಮ್ಲಗಳೆಂಬ ಬಿಡಿಮಣಿಗಳಾಗಿ ರಕ್ತವನ್ನು ಸೇರಿ, ಅಸ್ಥಿಮಜ್ಜೆಯ ಕೋಶಗಳಲ್ಲಿ ಬೇರೊಂದು ಕ್ರಮದಲ್ಲಿ ಪೋಣಿಸಲ್ಪಟ್ಟಾಗ ಮಾತ್ರ ಹಿಮೊಗ್ಲೋಬಿನ್ನಿನ ಸರಗಳು ಹುಟ್ಟುತ್ತವೆ. ಮಣಿಗಳಲ್ಲಿ ಇರುವುದು 20 ಬಗೆ. ಬೀಟಾ ಎಂಬ ಸರದಲ್ಲಿರುವ ಮಣಿಗಳು 146. ಯಾವುದರ ಮುಂದೆ ಯಾವುದು ಬರಬೇಕೆಂಬುದನ್ನು ಕೋಶಕ್ಕೆ ತಿಳಿಸುವವರು ಯಾರು?

ಹಿಂದಿನ ಶಾನುಭೋಗರು ಊರಿನ ಮೂಲ ಕಡತವನ್ನು ಪೆಟ್ಟಿಗೆಯಿಂದ ಹೊರಗೆ ಕೊಡದೆ, ಕೇಳಿದವರಿಗೆ ಬೇಕಾದ ಭಾಗದ ನಕಲನ್ನು ಮಾತ್ರ ಬರೆದುಕೊಡುತ್ತಿದ್ದಂತೆ, ಕೋಶವೂ ತನ್ನ ಡಿಎನ್‌ಎಯನ್ನು ಬೀಜಕೇಂದ್ರದಲ್ಲಿಯೇ ಜೋಪಾನವಾಗಿಟ್ಟು, ಬೇಕಾದ ಜೀನಿನ ಪ್ರತಿಯನ್ನು ಆರ್‌ಎನ್‌ಎ ಎಂಬ ಸೋದರದ್ರವ್ಯದಲ್ಲಿ ಬರೆಯಿಸಿ, ಅನಗತ್ಯವಾದ ಭಾಗಗಳನ್ನು ಕತ್ತರಿಸಿ, ಹೊರಗೆ ಕಳುಹಿಸುತ್ತದೆ. ಈ ನಕಲಿನ ಸ್ವಾತಂತ್ರ್ಯವನ್ನು ಕಾಣಬೇಕಾದರೆ ಎಳೆಯ ಕೆಂಪುಕಣವನ್ನೇ ನೋಡಬೇಕು: ಅದು ತನ್ನ ಬೀಜಕೇಂದ್ರವನ್ನೇ ಹೊರಗೆಸೆದ ಬಳಿಕವೂ, ಮೂಲ ಕಡತವಿಲ್ಲದೆ, ಮೊದಲೇ ಬಂದಿದ್ದ ನಕಲುಗಳ ಬಲದಿಂದ ಇನ್ನೂ ಕೆಲಕಾಲ ಹಿಮೊಗ್ಲೋಬಿನ್ನನ್ನು ತಯಾರಿಸುತ್ತಲೇ ಇರುತ್ತದೆ.

ಆದರೆ ನಕಲಿನ ಲಿಪಿಯಲ್ಲಿ ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಎರಡೆರಡಾಗಿ ಜೋಡಿಸಿದರೆ 16 ಪದಗಳಾಗುವುವು, ಸಾಲವು; ಮೂರುಮೂರಾಗಿ ಜೋಡಿಸಿದರೆ 64, ಬೇಕಾದುದಕ್ಕಿಂತ ಹೆಚ್ಚು. 1961ರ ಮೇ ತಿಂಗಳಿನಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯಿ ಎಂಬಿಬ್ಬರು, ಜಜ್ಜಿದ ಬ್ಯಾಕ್ಟೀರಿಯಗಳ ರಸಕ್ಕೆ ಬರಿಯ ಯು ಅಕ್ಷರವೇ ತುಂಬಿದ ಆರ್‌ಎನ್‌ಎಯನ್ನು ಸೇರಿಸಿದಾಗ, ಫಿನೈಲ್‌ಅಲನೀನ್ ಎಂಬ ಒಂದೇ ಮಣಿಯ ಸರ ಹುಟ್ಟಿತು. ನಿಘಂಟಿನ ಮೊದಲ ಪದ ದೊರೆಯಿತು. ಬಳಿಕ ಹರಗೋವಿಂದ ಖೊರಾನಾ, ಯು ಮತ್ತು ಸಿ ಒಂದಾದಮೇಲೊಂದು ಬರುವ ಆರ್‌ಎನ್‌ಎಯನ್ನು ರಚಿಸಿ, ಅದರಿಂದ ಸೆರೀನ್ ಮತ್ತು ಲ್ಯೂಸೀನ್ ಸರದಿಯಂತೆ ಬರುವ ಸರವನ್ನು ಪಡೆದರು. ಎರಡೆರಡಾಗಿಯೋ ನಾಲ್ಕುನಾಲ್ಕಾಗಿಯೋ ಓದಿದ್ದರೆ ಒಂದೇ ಪದ ಮರಳಿಮರಳಿ ಬರುತ್ತಿತ್ತು. ಎರಡು ಪದಗಳು ಸರದಿಯಲ್ಲಿ ಬಂದುದರಿಂದ, ಓದು ಬೆಸಸಂಖ್ಯೆಯಲ್ಲಿ ನಡೆಯುತ್ತದೆಂಬುದು ನಿಶ್ಚಿತವಾಯಿತು. ಅವಿಭಕ್ತ ಪಂಜಾಬಿನ ರಾಯಪುರವೆಂಬ ಸಣ್ಣ ಹಳ್ಳಿಯಲ್ಲಿ, ನಮ್ಮ ಶಾನುಭೋಗರಂತೆ ಭೂಮಿಯ ಲೆಕ್ಕ ಬರೆಯುವ ಪಟವಾರಿಯ ಮಗನಾಗಿ ಹುಟ್ಟಿದ ಈ ಮಹನೀಯನಿಗೆ, ನೀರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿಯವರೊಡನೆ, 1968ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

64 ಪದಗಳಲ್ಲಿ 61 ಮಣಿಗಳನ್ನು ಸೂಚಿಸುತ್ತವೆ, 3 ಪೂರ್ಣವಿರಾಮಗಳು. ಇವನ್ನು ಓದುವ ಯಂತ್ರ ರೈಬೋಸೋಮ್. ಅದರ ಸೂಕ್ಷ್ಮರಚನೆಯನ್ನು ಬಿಡಿಸಿ ತೋರಿಸಿದ, ಚಿದಂಬರದಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್ನರೂ, ಥಾಮಸ್ ಸ್ಟೈಟ್ಸ್ ಹಾಗೂ ಆಡಾ ಯೋನಾಥರೂ 2009ರ ನೊಬೆಲ್ಲಿಗೆ ಪಾತ್ರರಾದುದು ಎಲ್ಲ ರೀತಿಯಿಂದಲೂ ಯುಕ್ತವೇ. ಆದರೂ ಎರಡು ಭಾಷೆಗಳನ್ನೂ ನಿಜವಾಗಿ ಬಲ್ಲವರು ಬೇರೆಯವರೆಂಬುದು ನನ್ನ ದೃಢವಾದ ಅಭಿಪ್ರಾಯ. ಮಣಿಗಳನ್ನು ಹೊತ್ತು ತರುವುದು ವಾಹಕ ಆರ್‌ಎನ್‌ಎ. ಅದರ ಒಂದು ತುದಿಯಲ್ಲಿ ಮೂರಕ್ಷರದ ಗುರುತು, ಇನ್ನೊಂದು ತುದಿಯಲ್ಲಿ ಮಣಿ. ಆ ಗುರುತಿಗೆ ಈ ಮಣಿಯೇ ತಕ್ಕುದೆಂದು ನಿರ್ಣಯಿಸಿ ಕಟ್ಟಿಕೊಡುವವು ಮಾತ್ರ ಮಣಿಗೊಂದರಂತಿರುವ ಕಿಣ್ವಗಳು. 1962ರಲ್ಲಿ ಶಾಪ್‌ವಿಲ್, ಲಿಪ್‌ಮನ್ ಮೊದಲಾದವರು, ವಾಹಕವೊಂದಕ್ಕೆ ಸರಿಯಾಗಿ ಕಟ್ಟಲ್ಪಟ್ಟಿದ್ದ ಸಿಸ್ಟೀನನ್ನು ಅಲ್ಲಿಯೇ ರಾಸಾಯನಿಕವಾಗಿ ಅಲನೀನಾಗಿ ಮಾರ್ಪಡಿಸಿದರು. ರೈಬೋಸೋಮು ಗುರುತನ್ನಷ್ಟೇ ಪರೀಕ್ಷಿಸಿ, ಸಿಸ್ಟೀನ್ ಇರಬೇಕಾದೆಡೆಯಲ್ಲಿ ಅಲನೀನನ್ನು ಪೋಣಿಸಿಬಿಟ್ಟಿತು. ಹೊರೆಯೊಳಗೇನಿದೆಯೆಂಬುದನ್ನು ಅದು ಅರಿಯದು. ಅರಿತವು ಆ ಕಿಣ್ವಗಳೇ. ಐಸೊಲ್ಯೂಸೀನಿಗಿಂತ ವ್ಯಾಲೀನ್ ಒಂದು ಇಂಗಾಲ, ಎರಡು ಜಲಜನಕ ಪರಮಾಣುಗಳಷ್ಟೇ ಚಿಕ್ಕದು. ಅಷ್ಟು ಹೋಲಿಕೆಯಿಂದ ಮೋಸಹೋಗಿ ತಪ್ಪು ಮಣಿಯನ್ನು ಹಿಡಿದರೂ, ಕಿಣ್ವವು ತನ್ನದೇ ಇನ್ನೊಂದು ಕುಳಿಯಲ್ಲಿ ಅದನ್ನು ಮತ್ತೆ ಪರಿಶೀಲಿಸಿ ಬಿಸುಟುಬಿಡುತ್ತದೆ. ಇಂಥ ನಿಷ್ಠೆಯ ದುಭಾಷಿಗಳನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆದರೆ ಮೂಲ ಕಡತದಲ್ಲಿಯೇ ದೋಷವಿದ್ದಾಗ ಈ ನಿಷ್ಠೆ ದೋಷವನ್ನೂ ಅಷ್ಟೇ ನಿಷ್ಠೆಯಿಂದ ಅನುವಾದಿಸುತ್ತದೆ. ಬೀಟಾ ಸರದ 6ನೆಯ ಮಣಿಯನ್ನು ಸೂಚಿಸುವ ಜಿ–ಎ–ಜಿ ಎಂಬ ಪದದ ನಡುವಣ ಅಕ್ಷರ ಯು ಆದರೆ, ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂರುತ್ತದೆ. ತಂದೆತಾಯಿಗಳಿಬ್ಬರಿಂದಲೂ ಈ ದೋಷ ಬಂದವರಲ್ಲಿ ಪ್ರಾಣವಾಯುವನ್ನು ಬಿಟ್ಟುಕೊಟ್ಟ ಹಿಮೊಗ್ಲೋಬಿನ್ ಒಂದಕ್ಕೊಂದು ಅಂಟಿ, ಕೆಂಪುಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಾಳಲಾರದ ವೇದನೆಯನ್ನು ಉಂಟುಮಾಡುತ್ತವೆ. ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ ಈ ಕುಡುಗೋಲು ಕಣಗಳನ್ನು 1952ರಲ್ಲಿಯೇ ಗುರುತಿಸಲಾಯಿತು. ಅವರ ಬೀಟಾ ಸರದಲ್ಲಿಯೂ ಉಳಿದ 145 ಮಣಿಗಳು ಇರಬೇಕಾದ ಸ್ಥಾನದಲ್ಲಿಯೇ ಇರುತ್ತವೆ.