ಕಾರಿಗೂ ಬಾಯಾರಿಕೆ, ಆದರೆ ಬರೀ ನೀರು ಸಾಲದು

ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮಜ್ಜನ ಹಳೇ ಕಾರು ಪ್ರತಿ ಸಲವೂ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಮಕ್ಕಳಾದ ನಮಗೆ ಅದೇ ಖುಷಿ. ಬಾನೆಟ್ ಎತ್ತಿದರೆ ಬುಸ್ಸೆಂದು ಹಬೆ. ಅಜ್ಜ ಡಿಕ್ಕಿಯಿಂದ ಕ್ಯಾನು ತೆಗೆದು ತೊರೆಯ ನೀರು ತುಂಬಿಸಿ ತರುತ್ತಿದ್ದರು. ಆಮೇಲೆ ಕಾರು ತಣಿಯುವವರೆಗೆ ಬಂಡೆಯ ಮೇಲೆ ಕೂತು ಎಲೆ ಅಡಿಕೆ. “ಅದಕ್ಕೂ ಬಾಯಾರಿಕೆ ಆಗ್ತದೆ ಮಾರಾಯ” ಎನ್ನುತ್ತಿದ್ದರು.

ಒಂದೇ ಒಂದು ಸಲ ಅವರು ಕಾಯಲಿಲ್ಲ. ಮೋಡ ಕವಿದಿತ್ತು, ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟರು. ಕುದಿನೀರು ಚಿಮ್ಮಿ ಬಲಗೈ ಮೇಲೆ ಬಿತ್ತು. ಆ ಸುಟ್ಟ ಗುರುತು ಕೊನೆಯವರೆಗೂ ಹೋಗಲಿಲ್ಲ.

ಆಗ ಆದದ್ದೇನು ಎಂಬುದನ್ನು ಅಡುಗೆಮನೆಯ ಕುಕ್ಕರ್ ಹೇಳಿಕೊಡುತ್ತದೆ. ತೆರೆದ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ ಬಿಗಿದು ಒತ್ತಡ ಹೆಚ್ಚಿಸಿದರೆ 120ರ ಹತ್ತಿರ ಹೋದರೂ ನೀರು ನೀರಾಗಿಯೇ ಇರುತ್ತದೆ. ರೇಡಿಯೇಟರಿನ ಮುಚ್ಚಳವೂ ಅದೇ ಕೆಲಸ ಮಾಡುತ್ತದೆ. ಬಿಸಿ ಇರುವಾಗ ಅದನ್ನು ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ನೀರು ಆ ಕ್ಷಣದಲ್ಲೇ ಹಬೆಯಾಗಿ ಉಕ್ಕುತ್ತದೆ. ವಿಷಲ್ ಇಳಿಯುವ ಮುಂಚೆ ಕುಕ್ಕರ್ ತೆಗೆಯಬೇಡಿ ಎಂದು ಅಜ್ಜಿ ಗದರುವುದು ಇದಕ್ಕೇ.

ಇದೆಲ್ಲ ನೆನಪಾದದ್ದು ಮಗಳ ಫೋನಿನಿಂದ. “ಅಪ್ಪಾ, ಅಂಗಡಿಯಲ್ಲಿ ಹಸಿರು, ಕೆಂಪು, ನೀಲಿ ಕೂಲಂಟ್ ಇದೆ. ನಮ್ಮ ಕಾರಿಗೆ ಯಾವುದು?” ಬಣ್ಣ ನೋಡಿ ಆರಿಸಲು ಇದೇನು ಸೀರೆಯೇ ಎಂದೆ. ಅವಳು ನಗಲಿಲ್ಲ.

ಎಂಜಿನ್ನಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲು ಹೊಗೆಯ ಜತೆ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಕೂಲಂಟ್ ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುತ್ತದೆ. ಈ ಕೆಲಸಕ್ಕೆ ನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದರೆ ನಂಬುತ್ತೀರಾ? ಶಾಖ ಹೊರುವುದರಲ್ಲಿ ನೀರೇ ಮುಂದು. ಆದರೆ ಅದು ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಹಿಮದ ನಾಡಿನಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನನ್ನೇ ಸೀಳುತ್ತದೆ. ಹಾಗಾಗಿ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನೂ ತುಕ್ಕು ತಡೆಯುವ ರಾಸಾಯನಿಕಗಳನ್ನೂ ಬೆರೆಸುತ್ತಾರೆ.

ಇಲ್ಲೊಂದು ತಮಾಷೆ ಇದೆ. ಬರೀ ಗ್ಲೈಕಾಲ್ ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಸೇರಿದರೆ ಸುಮಾರು 37 ಡಿಗ್ರಿ ಕೆಳಗಿನವರೆಗೂ ತಾಳುತ್ತದೆ! ಹೆಚ್ಚು ಸುರಿದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮೂರಿನಲ್ಲಿ ಹಿಮ ಬೀಳುವುದಿಲ್ಲ ನಿಜ, ತುಕ್ಕಂತೂ ಬಿಡುವುದಿಲ್ಲ.

ಇನ್ನು ಬಣ್ಣದ ವಿಷಯ. ಅದು ಬರೀ ಬಣ್ಣ. ಎಲ್ಲ ಕಂಪನಿಗಳೂ ಒಪ್ಪಿದ ನಿಯಮ ಯಾವುದೂ ಇಲ್ಲ. ಒಬ್ಬರ ಹಸಿರು ಹಳೇ ಬಗೆಯದಾದರೆ, ಇನ್ನೊಬ್ಬರ ಹಸಿರು ಹೊಸ ಬಗೆಯದಿರಬಹುದು. ವ್ಯತ್ಯಾಸ ಇರುವುದು ತುಕ್ಕು ತಡೆಯುವ ರಾಸಾಯನಿಕದಲ್ಲಿ. ಜಪಾನಿನ ಕಾರುಗಳಿಗೆ ಸಾಮಾನ್ಯವಾಗಿ ಫಾಸ್ಫೇಟ್ ಇರುವ ಕೂಲಂಟ್ ಹೇಳಿರುತ್ತಾರೆ. ಗಡಸು ನೀರಿನ ಯುರೋಪಿನವರಿಗೆ ಫಾಸ್ಫೇಟ್ ಒಗ್ಗದು, ಅದು ನೀರಿನ ಸುಣ್ಣದೊಂದಿಗೆ ಸೇರಿ ಪೈಪಿನೊಳಗೆ ಗಟ್ಟಿ ಕಟ್ಟುತ್ತದೆ. ಬೇರೆ ಬೇರೆ ಬಗೆ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಬೇಗ ಕುಗ್ಗುತ್ತದೆ, ಕೆಲವೊಮ್ಮೆ ಗಂಜಿಯಂತೆ ಹೆಪ್ಪಾಗುವುದೂ ಉಂಟು. ಹಾಗಾಗಿ ಕಾರಿನ ಜತೆ ಬಂದ ಕೈಪಿಡಿ ತೆರೆಯಿರಿ, ಅದರಲ್ಲಿರುವ ಹೆಸರೇ ಡಬ್ಬಿಯ ಮೇಲೂ ಇದೆಯೇ ನೋಡಿ. ಬದಲಾಯಿಸುವ ಅವಧಿಯೂ ಅಲ್ಲೇ ಇರುತ್ತದೆ. ಮೊಮ್ಮಕ್ಕಳಿಗೆ ಇಂಥ ಹುಡುಕುವ ಕೆಲಸ ಇಷ್ಟ, ಅಜ್ಜನ ಕನ್ನಡಕಕ್ಕೂ ಶ್ರಮ ಉಳಿಯುತ್ತದೆ.

ಡಬ್ಬಿಯಲ್ಲೂ ಎರಡು ತರಹ. ಒಂದು ನೇರವಾಗಿ ಸುರಿಯುವುದು, ಇನ್ನೊಂದು ನೀರು ಬೆರೆಸಬೇಕಾದ ಗಟ್ಟಿ ದ್ರವ. ಬೆರೆಸುವುದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು. ಬೋರ್‌ವೆಲ್ ನೀರು ಬಚ್ಚಲಿನ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಆಗುತ್ತದೆ. ದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ ಶುದ್ಧ ನೀರು ಹಾಕಬಹುದು, ಆದರೆ ಎಂಜಿನ್ ಪೂರ್ತಿ ತಣಿದ ಮೇಲೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಊರು ಸೇರಿದ ಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ ಕೂಲಂಟನ್ನು ಸರಿಪಡಿಸಿಕೊಳ್ಳಿ.

ಮುಖ್ಯವಾದ ಮಾತೊಂದಿದೆ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ಮೂತ್ರಪಿಂಡವನ್ನು ಹಾಳುಮಾಡಿ ಜೀವ ತೆಗೆಯುವ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕುತ್ತವೆ. ಉಳಿದದ್ದನ್ನು ನೀರಿನ ಅಥವಾ ಶರಬತ್ತಿನ ಬಾಟಲಿಗೆ ತುಂಬಿಸಿ ಇಡಲೇಬೇಡಿ. ಬಣ್ಣಬಣ್ಣದ ಆ ದ್ರವ ಪುಟ್ಟ ಮಕ್ಕಳ ಕಣ್ಣಿಗೆ ಜ್ಯೂಸ್‌ನಂತೆಯೇ ಕಾಣುತ್ತದೆ. ಯಾರಾದರೂ ಕುಡಿದ ಅನುಮಾನ ಬಂದರೆ ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ.

ಮಗಳು ಕೊನೆಗೆ ಕೈಪಿಡಿ ನೋಡಿ ನೀಲಿ ಡಬ್ಬಿ ತಂದಳು. ಈಗ ಭಾನುವಾರ ಬೆಳಿಗ್ಗೆ, ಕಾರು ಹೊರಡುವ ಮುಂಚೆ, ಎಂಟು ವರ್ಷದ ಮೊಮ್ಮಗ ಪಾರದರ್ಶಕ ಟ್ಯಾಂಕಿನತ್ತ ಬಗ್ಗಿ, ದ್ರವ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಇದೆಯೇ ಎಂದು ನೋಡುತ್ತಾನೆ. ಮುಚ್ಚಳ ಮುಟ್ಟುವುದಿಲ್ಲ. ಮುತ್ತಜ್ಜನ ಕೈಯ ಕಥೆ ಅವನಿಗೆ ಹೇಳಿದ್ದೇನೆ. ಕಳೆದ ವಾರ “ತಾತಾ, ಒಂದು ಬೆರಳು ಕಮ್ಮಿಯಾಗಿದೆ” ಎಂದ. ಮೆಕ್ಯಾನಿಕ್ ನೋಡಿದಾಗ ಪೈಪಿನ ಕ್ಲಿಪ್ಪಿನ ಹತ್ತಿರ ಸಣ್ಣಗೆ ಸೋರುತ್ತಿತ್ತು. ಮುಂದಿನ ವಾರ ನಾವು ಚಾರ್ಮಾಡಿ ಹತ್ತುವವರಿದ್ದೇವೆ.