ಹಳೇ ಇಸ್ಪೀಟು, ಹೊಸ ಕಂಪ್ಯೂಟರ್

ಪ್ರಶ್ನೆ: ಹಳೆಯ ಕಂಪ್ಯೂಟರಿನ ಸಾಲಿಟೇರನ್ನು ಹೊಸದಕ್ಕೆ ನಕಲು ಮಾಡಿದರೆ ತೆರೆಯುವುದೇ ಇಲ್ಲ, ಯಾಕೆ? ಫ್ರೀಸೆಲ್‌ನ ಎಲ್ಲ ಆಟಗಳನ್ನೂ ಗೆಲ್ಲಬಹುದೇ?

ಉತ್ತರ: ಅದು ಯಾವ ಕಾಲದ ಕಂಪ್ಯೂಟರ್ ಎಂಬುದರ ಮೇಲಿದೆ. ವಿಂಡೋಸ್ 3.1ರ ಸಾಲಿಟೇರ್ 16 ಬಿಟ್‌ನದು. 64 ಬಿಟ್ ವಿಂಡೋಸ್ ಅಂಥವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ‘ಡಾಸ್‌ಬಾಕ್ಸ್’ ಎಂಬ ತಂತ್ರಾಂಶದಲ್ಲಿ ಹಳೆಯ ವಿಂಡೋಸನ್ನೇ ಹಾಕಿಕೊಳ್ಳಬೇಕು.

ವಿಂಡೋಸ್ ಎಕ್ಸ್‌ಪಿಯದಾದರೆ ರಗಳೆ ಕಡಿಮೆ. ಆಟದ ಕಡತವನ್ನಷ್ಟೇ ತಂದವರು ಸಾಮಾನ್ಯವಾಗಿ ಮರೆಯುವುದು ‘ಕಾರ್ಡ್ಸ್.ಡಿಎಲ್‌ಎಲ್’ ಅನ್ನು. ಎಲೆಗಳ ಚಿತ್ರಗಳೆಲ್ಲ ಇರುವುದು ಅದರಲ್ಲೇ. ಎರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು ನೋಡಬೇಕು.

ಫ್ರೀಸೆಲ್ ಕಥೆ ಇನ್ನೂ ಸ್ವಾರಸ್ಯಕರ. ವಿಂಡೋಸ್ 95ರಲ್ಲಿ 1ರಿಂದ 32000ದವರೆಗೆ ಸಂಖ್ಯೆ ಹಾಕಿದ ಆಟಗಳಿದ್ದವು. 1994–95ರಲ್ಲಿ ಉತ್ಸಾಹಿಗಳ ತಂಡವೊಂದು ಅಷ್ಟನ್ನೂ ಹಂಚಿಕೊಂಡು ಆಡಿತು (ಕಚೇರಿ ಸಮಯದಲ್ಲೋ ಏನೋ!). ಕೊನೆಗೂ ಬಗ್ಗದೆ ಉಳಿದದ್ದು 11982 ಒಂದೇ. ಅದಕ್ಕೆ ಪರಿಹಾರವೇ ಇಲ್ಲವೆಂದು ಆಮೇಲೆ ಕಂಪ್ಯೂಟರ್ ಪ್ರೋಗ್ರಾಮುಗಳೂ ಖಚಿತಪಡಿಸಿದವು.

ಎಕ್ಸ್‌ಪಿಯ ಫ್ರೀಸೆಲ್‌ನಲ್ಲಿ ಎಫ್3 ಒತ್ತಿದರೆ ಬೇಕಾದ ಸಂಖ್ಯೆಯ ಆಟ ಆರಿಸಬಹುದು. ಅಲ್ಲಿ -1 ಅಥವಾ -2 ಎಂದು ಕೊಟ್ಟರೆ ಬರುವ ಆಟಗಳೂ ಗೆಲ್ಲಲಾಗದವೇ; ಅವನ್ನು ತಯಾರಕರು ಬೇಕೆಂದೇ ಬಚ್ಚಿಟ್ಟಿದ್ದರು.