ಹೆಣ್ಣುನಾಯಿಯ ಸ್ತನಗಂತಿಗಳೂ ಹಾರ್ಮೋನುಗಳೂ

ಸ್ತನದ ಗಂತಿಗೂ ಅಂಡಾಶಯಕ್ಕೂ ಸಂಬಂಧವುಂಟೆಂಬ ವಿಚಾರವು, ಹಾರ್ಮೋನು ಎಂಬ ಹೆಸರಿಗಿಂತಲೂ ಹಳೆಯದು. ಆ ಹೆಸರು ಬಳಕೆಗೆ ಬಂದುದು 1905ರಲ್ಲಿ. ಸ್ತನದ ಏಡಿಗಂತಿಯಿಂದ ನರಳುತ್ತಿದ್ದ ಸ್ತ್ರೀಯೊಬ್ಬಳ ಅಂಡಾಶಯಗಳನ್ನು ತೆಗೆದುದರಿಂದ ಗಂತಿಯು ಕುಗ್ಗಿತೆಂದು ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿಯೇ ವರದಿ ಮಾಡಿದ್ದನು.

ನಾಯಿಗಳ ವಿಷಯದಲ್ಲಿ ಈ ಸಂಬಂಧಕ್ಕೆ ಪ್ರಸಿದ್ಧವಾದ ಅಂಕಿಗಳನ್ನು ಒದಗಿಸಿದುದು ಅಮೆರಿಕದ ಷ್ನೈಡರ್, ಡಾರ್ನ್ ಮತ್ತು ಟೇಲರ್ ಎಂಬವರು 1969ರಲ್ಲಿ ಪ್ರಕಟಿಸಿದ ಅಧ್ಯಯನ. ಅಂಡಾಶಯವನ್ನು ತೆಗೆಯದಿರುವ ಹೆಣ್ಣುನಾಯಿಯ ಅಪಾಯವನ್ನು 100 ಎಂದು ಎಣಿಸಿದರೆ, ಮೊದಲ ಬೆದೆಗೆ ಮುನ್ನವೇ ತೆಗೆದ ನಾಯಿಯಲ್ಲಿ ಅದು 0.5, ಒಂದು ಬೆದೆಯ ತರುವಾಯ ತೆಗೆದರೆ 8, ಎರಡು ಅಥವಾ ಹೆಚ್ಚು ಬೆದೆಗಳ ತರುವಾಯ 26.

ಇದಕ್ಕೆ ದೇಹಧರ್ಮದಲ್ಲಿಯೂ ಕಾರಣವುಂಟು. ನಾಯಿಯು ಬೆದೆಗೆ ಬಂದ ಮೇಲೆ, ಗರ್ಭ ನಿಂತರೂ ನಿಲ್ಲದಿದ್ದರೂ, ಸುಮಾರು ಎರಡು ತಿಂಗಳ ಕಾಲ ಅಂಡಾಶಯದಿಂದ ಪ್ರೊಜೆಸ್ಟರೋನ್ ಸ್ರವಿಸುತ್ತದೆ. ಅದರ ಪ್ರಚೋದನೆಯಿಂದ ಸ್ತನಗ್ರಂಥಿಯು ತಾನೇ ಬೆಳವಣಿಗೆಯ ಹಾರ್ಮೋನನ್ನು ಉತ್ಪಾದಿಸತೊಡಗುತ್ತದೆ, ಜೀವಕೋಶಗಳು ವೃದ್ಧಿಗೊಳ್ಳುತ್ತವೆ. ಪ್ರತಿಯೊಂದು ಬೆದೆಯಲ್ಲಿಯೂ ಇದು ಮರುಕಳಿಸುತ್ತದೆ.

ಆದರೆ ಮೇಲಿನ ಅಂಕಿಗಳು ಹೋಲಿಕೆಯ ಪ್ರಮಾಣಗಳೇ ಹೊರತು, ನೂರು ನಾಯಿಗಳಲ್ಲಿ ಎಷ್ಟಕ್ಕೆ ರೋಗ ತಗಲುವುದೆಂಬ ಲೆಕ್ಕವಲ್ಲ. ಅನೇಕರು ಹಾಗೆಂದೇ ಭಾವಿಸುತ್ತಾರೆ. ಅಲ್ಲದೆ, ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ 2012ರ ವಿಮರ್ಶೆಯೊಂದು, ಶಸ್ತ್ರಚಿಕಿತ್ಸೆಯ ವಯಸ್ಸಿನ ಪರಿಣಾಮಕ್ಕೆ ದೊರೆತಿರುವ ಆಧಾರವು ದುರ್ಬಲವೆಂದು ನಿರ್ಣಯಿಸಿತು. ಹಾರ್ಮೋನುಗಳು ಈ ರೋಗದಲ್ಲಿ ಪಾತ್ರ ವಹಿಸುತ್ತವೆಂಬುದು ಒಂದು ಮಾತು. ಆ ಪಾತ್ರ ಎಷ್ಟು ಪ್ರಮಾಣದ್ದೆಂಬುದು ಬೇರೊಂದು ಮಾತು. ಮೂಲವನ್ನು ಪರಿಶೀಲಿಸದೆ ಅಂಕಿಯನ್ನು ಉದ್ಧರಿಸಬಾರದೆಂಬ ಇತಿಹಾಸಕಾರನ ನಿಯಮವು ಇಲ್ಲಿಯೂ ಸಲ್ಲುತ್ತದೆ.